ರೋಮಿನವರು ಇದ್ದ ಮನೆ

ಸೌದಿಯ ಖಮೀಸ್ ಮುಶೈತ್‌ ಪಟ್ಟಣದ ಆ ಮನೆಯಲ್ಲಿ ರೋಮಿನವರನ್ನು ಬಿಟ್ಟರೆ ನಾವು ಇದ್ದದ್ದು ಮೂರೇ ಜನ: ಅಪ್ಪ, ಅಮ್ಮ, ನಾನು. ರೋಮಿನವರು ಬಂದದ್ದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ಅಪ್ಪ ಎಲೆಕ್ಟ್ರಿಷಿಯನ್ ಆಗಿದ್ದ ಕಂಪನಿಯ ಇಂಗ್ಲಿಷ್ ಎಂಜಿನಿಯರೊಬ್ಬ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಾಗ ಮನೆ ಖಾಲಿ ಮಾಡಿ ಒಂದು ಇಸ್ತ್ರಿಪೆಟ್ಟಿಗೆ, ಒಂದು ಬಾಣಲೆ, ಒಂದು ಪುಸ್ತಕ ಕೊಟ್ಟುಹೋದ. ಇಸ್ತ್ರಿಪೆಟ್ಟಿಗೆ ಬೇಗ ಸುಟ್ಟುಹೋಯಿತು. ಬಾಣಲೆಯನ್ನು ಅಮ್ಮ ಮೀನಿಗೆ ಇಟ್ಟುಕೊಂಡಳು. ಪುಸ್ತಕ ಅಪ್ಪನ ಪಾಲಿಗೆ ಬಂತು. ಅದಕ್ಕೆ ರಟ್ಟೂ ಇರಲಿಲ್ಲ, ಮೊದಲ ಹಾಳೆಗಳೂ ಇರಲಿಲ್ಲ. ಒಳ್ಳೆಯತನ, ಗೆಳೆತನ, ಮನುಷ್ಯ ಹೊರಬೇಕಾದ ಹೊಣೆ ಇವುಗಳ ಬಗ್ಗೆ ಹಳೆಯ ರೋಮಿನ ಹಿರಿಯರು ಹೇಳಿದ್ದನ್ನೆಲ್ಲ ಯಾರೋ ಕೂಡಿಹಾಕಿದ್ದು ಎಂಬುದಷ್ಟೇ ನಮಗೆ ತಿಳಿದದ್ದು. ಅಪ್ಪನ ಇಂಗ್ಲಿಷ್ ನಿಧಾನ. ಒಂದು ಪುಟಕ್ಕೆ ಒಂದು ವಾರ ಹಿಡಿಯುತ್ತಿತ್ತು. ಬೇಗ ಓದುವವರು ಬೇಗ ಮರೆಯುತ್ತಾರೆ. ಅಪ್ಪನಿಗೆ ಆ ಅದೃಷ್ಟ ಇರಲಿಲ್ಲ.

ಮನೆ ಇದ್ದದ್ದು ಕಂಬಳಿ ಅಂಗಡಿಯ ಮೇಲೆ. ಗಲ್ಫ್ ಎಂದರೆ ಬೆಂಕಿಬಿಸಿಲು ಎಂದುಕೊಂಡ ಊರಿನ ನೆಂಟರಿಗೆ ನಾವು ಸ್ವೆಟರ್ ಹಾಕಿಕೊಂಡ ಫೋಟೋ ಕಳಿಸಿದರೆ ನಂಬುತ್ತಿರಲಿಲ್ಲ. ಅಲ್ಲಿಯದು ಬೆಟ್ಟದ ಮೇಲಿನ ಚಳಿ. ನಡುವಿನ ಕೋಣೆಯಲ್ಲಿ ಸೀಮೆಎಣ್ಣೆಯ ಹೀಟರು ಉರಿಯುತ್ತಿತ್ತು. ಕಿಟಕಿ ಒಂದು ಬೆರಳಿನಷ್ಟು ತೆರೆದಿರದಿದ್ದರೆ ಹೊಗೆ ಕುಡಿದು ಮಲಗಿದಲ್ಲೇ ಸಾಯುತ್ತೇವೆ ಎಂದು ಅಪ್ಪ ಒಮ್ಮೆ ಹೇಳಿದರು. ಅವರು ಹೇಳಿ ಮರೆತರು, ನಾನು ಮರೆಯಲಿಲ್ಲ. ಆ ಕಿಟಕಿಯ ಕಾವಲು ನನ್ನ ಮೊದಲ ನೌಕರಿ. ಎರಡನೆಯದು ಕಪಾಟಿನದು. ಅಪ್ಪನ ಇಸ್ತ್ರಿ ಹಾಕಿದ ಅಂಗಿಗಳ ಕೆಳಗಿನ ಅರೆಯಲ್ಲಿ, ಆ ದೇಶದಲ್ಲಿ ಹೊರಗೆ ಕಾಣುವಂತಿಲ್ಲದ ನಮ್ಮ ದೇವರು ಇದ್ದರು. ಅಮ್ಮ ಸಂಜೆ ಅಲ್ಲೇ ದೀಪ ಹಚ್ಚಿ, ಬಾಗಿಲನ್ನು ಅರ್ಧ ಮುಚ್ಚಿ, ಕೈ ಮುಗಿದು, ಆರಿಸಿಬಿಡುತ್ತಿದ್ದಳು. ಅಂಗಿಗೆ ಬೆಂಕಿ ಹತ್ತಿದರೆ ಎಂದು ನಾನು ಪಕ್ಕದಲ್ಲಿ ಲೋಟದಲ್ಲಿ ನೀರು ಹಿಡಿದು ನಿಲ್ಲುತ್ತಿದ್ದೆ. ಮಗಳಿಗೆ ಎಂಥ ಭಕ್ತಿ ಎಂದು ಅಮ್ಮ ಊರಿಗೆ ಬರೆದಳು. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಜಿದ್ದಾದ ಒಂದು ಕ್ಲಿನಿಕ್ಕಿನ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಹೊರಟವಳು ಗ್ಯಾಸ್ ಬಂದ್ ಮಾಡಿದೆನೇ ಎಂದು ಲಿಫ್ಟಿನಿಂದ ಹಿಂದಕ್ಕೆ ಬರುತ್ತೇನೆ. ಗಂಡ ಇದಕ್ಕೆ ರೋಗದ ಹೆಸರು ಹೇಳುತ್ತಾರೆ. ನಾನು ಮನೆತನದ ಕಸುಬು ಎನ್ನುತ್ತೇನೆ.

ಅಡುಗೆಮನೆಯಲ್ಲಿ ಅಮ್ಮನ ರಾಜ್ಯ, ಅಥವಾ ಅವಳ ಸೆರೆಮನೆ. ಊರಿಂದ ಸೂಟ್‌ಕೇಸಿನಲ್ಲಿ ಬಂದ ಕುಚ್ಚಲಕ್ಕಿಯನ್ನು ಅವಳು ಔಷಧದ ಹಾಗೆ ಬಳಸುತ್ತಿದ್ದಳು. ಕೆಳಗಿನ ಜೀಜಾನ್ ಕಡಲಿನಿಂದ ಮಂಜುಗಡ್ಡೆಯಲ್ಲಿ ಬೆಟ್ಟ ಹತ್ತಿ ಬರುತ್ತಿದ್ದ ಮೀನನ್ನು ತಿರುವಿ ಮುರುವಿ ನೋಡಿ, "ಇದಕ್ಕೆ ಯಾವ ಊರಿನ ಮುಖವೂ ಇಲ್ಲ" ಎಂದು ಗೊಣಗುತ್ತಲೇ ಮಸಾಲೆ ಹಚ್ಚುತ್ತಿದ್ದಳು. ಪೇಟೆಗೆ ಹೋಗಬೇಕಿದ್ದರೆ ಅಪ್ಪನ ಪಿಕಪ್ಪು ಬರಬೇಕು. ಅದು ಬರುವ ತನಕ ಅವಳಿಗೆ ಹೊರಗಿನ ಲೋಕ ಎಂದರೆ ಕೆಳಗಿನ ಅಂಗಡಿಯ ಇಸ್ಮಾಯಿಲ್ ಸಾಹೇಬರ ಫೋನು. ಭಟ್ಕಳದ ಸಾಹೇಬರು ಅಪ್ಪನಿಗಿಂತ ಬಹಳ ಮೊದಲೇ ಬಂದು ನೆಲೆನಿಂತವರು. ನಮ್ಮ ಊರಿನ ಕರೆ ಬಂದರೆ ಅವರು ಕಂಬಳಿ ನೇತುಹಾಕುವ ಕೋಲಿನಿಂದ ಅಂಗಡಿಯ ಮಾಡಿಗೆ, ಅಂದರೆ ನಮ್ಮ ನೆಲಕ್ಕೆ, ಕುಟ್ಟುತ್ತಿದ್ದರು. ಆ ಸದ್ದಿಗೆ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹಾರಿ ಇಳಿಯುವುದನ್ನು ನೋಡಿದರೆ, ಮೇಲೆ ನಮ್ಮ ಜೊತೆ ಇದ್ದವಳು ಬೇರೆ ಯಾರೋ ಹೆಂಗಸು ಎಂದು ತೋರುತ್ತಿತ್ತು.

ರೋಮಿನವರು ಮಾಡಿದ ಮೊದಲ ಉಪದ್ರವ ಊಟದ ಹೊತ್ತಿನದು. ದಿನ ಮುಗಿದಾಗ ಮನುಷ್ಯ ತನ್ನನ್ನು ತಾನೇ ವಿಚಾರಣೆ ಮಾಡಿಕೊಳ್ಳಬೇಕು ಎಂದು ಪುಸ್ತಕದಲ್ಲಿ ಎಲ್ಲೋ ಇತ್ತಂತೆ. ಅಪ್ಪ ಅದನ್ನು ಮನೆಮಂದಿಗೆಲ್ಲ ಅನ್ವಯಿಸಿದರು. ಮಜ್ಜಿಗೆ ಅನ್ನಕ್ಕೆ ಬಂದಾಗ ಒಬ್ಬೊಬ್ಬರೂ ಅಂದಿನ ತಮ್ಮ ಒಂದು ತಪ್ಪು ಹೇಳಬೇಕು. ಬೇರೆಯವರ ತಪ್ಪು ಹೇಳುವಂತಿಲ್ಲ.

"ಇವತ್ತು ಸಾರಿಗೆ ಉಪ್ಪು ಹೆಚ್ಚಾಯ್ತು," ಎನ್ನುತ್ತಿದ್ದಳು ಅಮ್ಮ.

"ಅದು ತಪ್ಪಲ್ಲ ಮಾರಾಯ್ತಿ, ಮರೆವು. ಮನಸ್ಸಿನ ತಪ್ಪು ಹೇಳು."

"ಮನಸ್ಸಿನದ್ದಾ? ಉಪ್ಪು ಹಾಕುವಾಗ ನಿಮ್ಮ ರೋಮಿನವರನ್ನು ಬೈತಾ ಇದ್ದೆ. ಸಾಕಾ?"

ನಾನು ಅವಳಷ್ಟು ಧೈರ್ಯದವಳಲ್ಲ. ತಪ್ಪು ಸಿಗದ ದಿನಗಳಲ್ಲಿ ಶಾಲೆಯಲ್ಲಿ ಕೂತು ಸಂಜೆಗೊಂದು ತಪ್ಪು ಹುಡುಕುತ್ತಿದ್ದೆ. ಪಕ್ಕದವಳ ರಬ್ಬರು ಕಂಡಾಗ ಆಸೆಯಾಯಿತು ಎಂದೋ, ಪ್ರಾರ್ಥನೆಯಲ್ಲಿ ಆಕಳಿಸಿದೆ ಎಂದೋ. ಅಪ್ಪ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅವರ ಸರದಿಯಲ್ಲಿ ಬರುತ್ತಿದ್ದದ್ದು ನಿಜವಾದ ತಪ್ಪುಗಳೇ: ಸಹಾಯಕನ ಮೇಲೆ ರೇಗಿದ್ದು, ಫೋರ್‌ಮನ್ನನ ಮುಂದೆ ಸುಮ್ಮನಿದ್ದದ್ದು. ಅವರು ಹೇಳಿ ಹಗುರಾಗುತ್ತಿದ್ದರು. ಕೇಳಿದ ನನಗೆ ನಿದ್ದೆ ಬರುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಜಯಂತ ಮಾಮ ಬರುತ್ತಿದ್ದರು. ಅಪ್ಪನ ಕಂಪನಿಯಲ್ಲೇ ಏಸಿ ಮೆಕ್ಯಾನಿಕ್. ಕುಂದಾಪುರದ ಕಡೆಯವರು. ಹೆಂಡತಿ ಮಕ್ಕಳು ಊರಲ್ಲಿ, ಇವರು ಕಂಪನಿಯ ಕೆಲಸಗಾರರ ಕ್ಯಾಂಪಿನಲ್ಲಿ. ನಮ್ಮ ರಕ್ತಸಂಬಂಧಿಯಲ್ಲ, ಆದರೆ ಮನೆಯಲ್ಲಿ ನಗು ಎಂಬುದು ಇದ್ದರೆ ಅದು ಅವರು ಬಂದ ದಿನ. ಬಟ್ಟೆ ತೊಳೆಯುವ ಮಿಷಿನು ಅವರ ಕೈ ತಾಗಿದರೆ ತಿರುಗುತ್ತಿತ್ತು. ಅಮ್ಮನಿಗೆ ಜ್ವರ ಬಂದ ಚಳಿಗಾಲ ಕೆಲಸ ಬಿಟ್ಟ ಕೂಡಲೇ ಬಂದು ಗಂಜಿ ಬೇಯಿಸಿದವರು ಅವರು. ನನ್ನ ತಟ್ಟೆಯ ಮೀನಿನ ಮುಳ್ಳು ತೆಗೆಯುತ್ತಾ, "ತಿನ್ನು ಮಗಾ, ಇನ್ನು ಇದ್ರಲ್ಲಿ ಹೆದರ್ಲಿಕ್ಕೆ ಎಂತದೂ ಇಲ್ಲ" ಎನ್ನುತ್ತಿದ್ದರು. ನನಗೆ ಹಾಗೆ ಹೇಳಿದವರು ಅಂದಿನಿಂದ ಇಂದಿನವರೆಗೆ ಅವರೊಬ್ಬರೇ. ಅಪ್ಪ ಅವರಿಗೆ ಪುಸ್ತಕ ವಿವರಿಸುತ್ತಿದ್ದರು. ರೋಮಿನ ಒಬ್ಬ ಸೇನಾಪತಿಯ ಕತೆ ಅಪ್ಪನಿಗೆ ಬಹಳ ಪ್ರೀತಿ. ಶತ್ರುಗಳು ಅವನನ್ನು ಸೆರೆಹಿಡಿದು, ಮಾತುಕತೆ ಮಾಡಿ ಬಾ ಎಂದು ಅವನ ಊರಿಗೇ ಕಳಿಸಿದರಂತೆ, ತಿರುಗಿ ಬರುತ್ತೇನೆಂಬ ಬರಿಯ ಮಾತಿನ ಮೇಲೆ. ಅವನು ಊರಿಗೆ ಹೋದ, ಹೆಂಡತಿ ಮಕ್ಕಳು ಅತ್ತರು, ಅವನು ತಿರುಗಿ ಹೋದ. ಶತ್ರುಗಳು ಕೊಂದರು.

"ಪುನಃ ಹೋದನಾ?" ಜಯಂತ ಮಾಮ ತುತ್ತನ್ನು ಕೈಯಲ್ಲೇ ಹಿಡಿದು ಅಪ್ಪನನ್ನು ಕೇಳಿದರು. "ಎಂತಕ್ಕೆ ಸದಣ್ಣ? ರಿಟರ್ನ್ ಟಿಕೆಟ್ ಹಾಳಾಗ್ತದೆ ಅಂತವಾ?"

"ಮಾತು ಕೊಟ್ಟಿದ್ದ ಮಾರಾಯ."

"ಅದು ಸರಿ. ಮೀನು ಇನ್ನೊಂದು ಉಂಟಾ ಅತ್ತಿಗೆ?"

ಗೆಳೆಯನನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಬೇಕಾದಷ್ಟು ಪರೀಕ್ಷಿಸು, ಬಿಟ್ಟುಕೊಂಡ ಮೇಲೆ ಪರೀಕ್ಷಿಸಬೇಡ ಎಂಬ ಅರ್ಥದ ಒಂದು ಮಾತು ಪುಸ್ತಕದಲ್ಲಿತ್ತು. ಅಪ್ಪ ಅದರ ಕೆಳಗೆ ಗೆರೆ ಎಳೆದಿದ್ದರು. ಪರೀಕ್ಷೆ ಮುಗಿದಿತ್ತು. ಜಯಂತ ಮಾಮ ಒಳಗಿದ್ದರು.

ಆಗಿನ ಕಾಲಕ್ಕೆ ಅಪ್ಪನ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಎಲ್ಲ ಮೊಬೈಲಿನಲ್ಲೇ ಮುಗಿಯುವ ಈಗಿನವರಿಗೆ ಹೇಳಿದರೆ ನಗುತ್ತಾರೆ. ಎಲ್ಲರ ಪಾಸ್‌ಪೋರ್ಟು ಆಫೀಸಿನ ತಿಜೋರಿಯಲ್ಲಿ. ರಜೆಗೆ ಹೋಗುವವನಿಗೆ ಅದು ಕೈಗೆ ಸಿಗಬೇಕಾದರೆ ಜೊತೆಗಾರನೊಬ್ಬ ಜಾಮೀನು ನಿಲ್ಲಬೇಕು. ಹಣಕ್ಕಲ್ಲ, ಆ ಮನುಷ್ಯನಿಗೆ. ಹೋದವನು ಬರಲಿಲ್ಲವೋ, ನಿಂತವನ ರಜೆ ಬಂದ್. ಇದರಿಂದಾಗಿ ಕ್ಯಾಂಪಿನಲ್ಲಿ ರಜೆ ಹತ್ತಿರ ಬಂದವರೆಲ್ಲ ಇದ್ದಕ್ಕಿದ್ದಂತೆ ಸಜ್ಜನರಾಗುತ್ತಿದ್ದರು. ಇನ್ನೊಬ್ಬರ ತಟ್ಟೆ ತೊಳೆಯುತ್ತಿದ್ದರು, ಕೇರಂನಲ್ಲಿ ಬೇಕೆಂದೇ ಸೋಲುತ್ತಿದ್ದರು. ಪಳಗಿದವರು ತಮ್ಮ ರಜೆ ಮುಗಿಸಿ ಬಂದ ಮೇಲೆಯೇ ಇನ್ನೊಬ್ಬನಿಗೆ ಜಾಮೀನು ನಿಲ್ಲುತ್ತಿದ್ದರು. ಮುಂದಿನ ರಜೆಗೆ ಹೇಗೂ ಬಹಳ ಕಾಲ ಇರುತ್ತದೆ, ಅಷ್ಟರಲ್ಲಿ ಹೋದವನ ಬಣ್ಣ ಬಯಲಾಗುತ್ತದೆ. ಅಪ್ಪನ ರಜೆ ಇನ್ನೂ ಮುಂದಿತ್ತು. ಅಜ್ಜಿಗೆ, ಅಂದರೆ ಅಮ್ಮನ ಅಮ್ಮನಿಗೆ, ಉಸಿರಾಟದ ತೊಂದರೆ ಶುರುವಾಗಿತ್ತು. ನನ್ನ ಪರೀಕ್ಷೆ ಮುಗಿದ ಕೂಡಲೇ ಹೊರಡುವುದೆಂದು ಅಮ್ಮ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ, ಒರೆಸಿ, ಮಂಚದ ಅಡಿಗೆ ಸರಿಸಿದ್ದಳು. ಜಯಂತ ಮಾಮನ ತಂಗಿಯ ಮದುವೆ ಅದಕ್ಕಿಂತ ಮೊದಲಿನ ದಿನಕ್ಕೆ ನಿಶ್ಚಯವಾಯಿತು. ಅಪ್ಪ ಜಾಮೀನು ನಿಂತರು. ಇಸ್ಮಾಯಿಲ್ ಸಾಹೇಬರು ಅಂಗಡಿಯ ಬಾಗಿಲಲ್ಲೇ ಅಪ್ಪನನ್ನು ತಡೆದರು.

"ಸದಾಶಿವ, ನಿನ್ನ ರಜೆ ಆಗ್ಲಿಲ್ಲ ಅಲ್ವಾ? ಮೊದಲು ನೀನು ಹೋಗಿ ಬಾ. ಆಮೇಲೆ ಬೇಕಾದ್ರೆ ಇಡೀ ಕ್ಯಾಂಪಿಗೆ ಜಾಮೀನು ನಿಲ್ಲು."

"ಅವನು ಹಾಗಲ್ಲ ಸಾಹೇಬ್ರೆ."

"ಯಾರೂ ಹಾಗಲ್ಲ. ಊರು ಹಾಗೆ. ಅಲ್ಲಿಗೆ ಮುಟ್ಟಿದ ಮೇಲೆ ಮನುಷ್ಯನಿಗೆ ಇಲ್ಲಿಯದ್ದೆಲ್ಲ ಯಾರೋ ಹೇಳಿದ ಕತೆ ಆಗ್ತದೆ."

ಜಯಂತ ಮಾಮ ಬರಬೇಕಾದ ವಾರ ಬರಲಿಲ್ಲ. ಅಪ್ಪ ಪೇಟೆಯ ಟೆಲಿಫೋನ್ ಬೂತಿನಿಂದ ಅವರ ಪಕ್ಕದ ಮನೆಗೆ ಕರೆ ಮಾಡಿದರು. ಜಯಂತ ಮಾಮ ಫೋನಿಗೆ ಬಂದು, ಮದುವೆಯ ಸುಸ್ತು, ಮುಂದಿನ ವಾರ ಎಂದರು. ಆಮೇಲೆ ಮಗನಿಗೆ ಸೌಖ್ಯವಿಲ್ಲ. ಆಮೇಲೆ ಪಕ್ಕದ ಮನೆಯವರು, "ಈಗಷ್ಟೇ ಹೊರಗೆ ಹೋದ್ರು" ಎನ್ನತೊಡಗಿದರು. ಯಾವ ಹೊತ್ತಿಗೆ ಮಾಡಿದರೂ ಈಗಷ್ಟೇ ಹೋಗಿರುತ್ತಿದ್ದರು. ಅಪ್ಪನ ರಜೆಯ ಅರ್ಜಿ ಹಿಂದಕ್ಕೆ ಬಂತು. ನಮ್ಮಿಬ್ಬರ ಹೆಸರು ಇದ್ದದ್ದು ಅಪ್ಪನ ಇಕಾಮಾ ಎಂಬ ವಾಸದ ಪರವಾನಗಿ ಪುಸ್ತಕದ ಒಳಗೆ. ಕಂಪನಿ ಕಾಗದ ಕೊಡದೆ ಅಮ್ಮನೂ ನಾನೂ ಮಾತ್ರ ಹೊರಡುವುದೂ ಸಾಧ್ಯವಿರಲಿಲ್ಲ. ನೆಲದಿಂದ ಕೋಲಿನ ಸದ್ದು ಹೆಚ್ಚಾಯಿತು. ಊರಿಂದ ಸೋದರಮಾವನ ಕರೆ. ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಅಜ್ಜಿ ಅಮ್ಮನನ್ನು ಕೇಳುತ್ತಿದ್ದಾರೆ. ಮೆಟ್ಟಿಲು ಹಾರಿ ಇಳಿದವಳು ಹತ್ತುವಾಗ ಒಂದೊಂದು ಮೆಟ್ಟಿಲಲ್ಲೂ ನಿಲ್ಲುತ್ತಿದ್ದಳು. ಕೊನೆಗೆ ಕಂಪನಿಯ ಮುದೀರ್, ಅಂದರೆ ಮ್ಯಾನೇಜರ್, ಅಪ್ಪನಿಗೆ ಒಂದು ದಾರಿ ತೋರಿಸಿದ. ಜಯಂತ ಮೋಸ ಮಾಡಿ ಓಡಿಹೋಗಿದ್ದಾನೆ ಎಂದು ಬರೆದು ಸಹಿ ಹಾಕಿಕೊಡು. ಅವನ ಹೆಸರು ಕಪ್ಪುಪಟ್ಟಿಗೆ ಹೋಗುತ್ತದೆ, ಅವನು ಈ ದೇಶಕ್ಕೆ ಮತ್ತೆ ಬರಲಾರ, ನಿನ್ನ ರಜೆ ನಿನಗೆ.

ಅಂದು ಅನ್ನ ಬಡಿಸಿದ ಅಮ್ಮ ತಾನು ಕೂರಲಿಲ್ಲ.

"ಬರೆದು ಕೊಡಿ."

"ಓಡಿಹೋದ ಅಂತ ಹೇಗೆ ಬರೆಯುವುದು? ಬರ್ತೇನೆ ಅಂತ ಹೇಳಿದ್ದಾನೆ."

"ಅವ ಹೇಳಿದ್ದು ನಿಮ್ಮತ್ರ. ನನ್ನ ಅಮ್ಮ ಕೇಳ್ತಾ ಇರುವುದು ನನ್ನನ್ನು."

"ಒಮ್ಮೆ ಸಹಿ ಹಾಕಿದ್ರೆ ಅವನಿಗೆ ಈ ದೇಶದ ಬಾಗಿಲು ಮುಚ್ಚಿತು. ಅವನ ಮಕ್ಕಳ ಅನ್ನ ಅದು. ಜಾಮೀನು ನಿಂತವ ನಾನು, ಹೊಣೆ ನಂದು. ಅದನ್ನು ಅವನ ತಲೆಗೆ ದಾಟಿಸುವುದಾ?"

"ಹೊಣೆ ನಿಮ್ಮದು. ಸಾಯ್ತಾ ಇರುವವಳು ನನ್ನವಳು. ನಿಮ್ಮ ರೋಮಿನವರಿಗೆ ಅತ್ತೆ ಅಂತ ಯಾರೂ ಇರ್ಲೇ ಇಲ್ವಾ?"

ಅಪ್ಪ ಕೆಟ್ಟವರಾಗಿದ್ದರೆ ನಮಗೆಲ್ಲ ಎಷ್ಟು ಸುಲಭವಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಅಡುಗೆಮನೆಯಲ್ಲಿ ಪಾತ್ರೆ ಉಜ್ಜಿಕೊಟ್ಟರು. ಅಮ್ಮನ ಕಾಲು ಒತ್ತಿದರು. ಇಸ್ಮಾಯಿಲ್ ಸಾಹೇಬರನ್ನು ಕರೆದುಕೊಂಡು ಹೋಗಿ ಮುದೀರನ ಮುಂದೆ ಗೋಗರೆದರು. ಸಾಹೇಬರಿಗೆ ಕಾಫಿ ಸಿಕ್ಕಿತು, ಕಾಗದ ಸಿಗಲಿಲ್ಲ. ಇಷ್ಟೆಲ್ಲ ಮಾಡಿದವರು ಆ ಒಂದು ಸಹಿ ಮಾತ್ರ ಹಾಕಲಿಲ್ಲ. ಬರುತ್ತಾನೆ, ಬಂದಾಗ ನಾವು ಅವನ ಬಾಗಿಲು ಮುಚ್ಚಿರಬಾರದು ಎನ್ನುತ್ತಿದ್ದರು. ನಾನು ಕಿಟಕಿಯ ಹತ್ತಿರ ಕೂತು ಇಬ್ಬರ ಪರವಾಗಿಯೂ ಹೆದರುತ್ತಿದ್ದೆ. ಜಯಂತ ಮಾಮ ಬೀದಿಯ ತುದಿಯಲ್ಲಿ ಕಂಡರೆ ಎಲ್ಲ ಸರಿಹೋಗುತ್ತದೆ ಎಂದು ಪ್ರತಿ ಟ್ಯಾಕ್ಸಿಯ ಒಳಗೆ ಕಣ್ಣು ಹಾಯಿಸುತ್ತಿದ್ದೆ. ಆ ಅಭ್ಯಾಸವೂ ಉಳಿದಿದೆ. ಜಿದ್ದಾದಲ್ಲಿ ಈಗಲೂ ಟ್ಯಾಕ್ಸಿಯವರು ನನ್ನ ನೋಟ ಕಂಡು ಬ್ರೇಕ್ ಹಾಕುತ್ತಾರೆ.

ಅಜ್ಜಿ ಊಟ ಬಿಟ್ಟಿದ್ದಾರೆ ಎಂದು ಸುದ್ದಿ ಬಂದ ದಿನ ಅಪ್ಪ ಹೋಗಿ ಸಹಿ ಹಾಕಿದರು. ಆದರೆ ಅಷ್ಟರಲ್ಲಿ ರಂಜಾನಿನ ಕೊನೆಯ ಹತ್ತು ದಿನ ಶುರುವಾಗಿತ್ತು, ಮುದೀರ್ ಮಕ್ಕಾಕ್ಕೆ ಹೋಗಿದ್ದ, ಕಾಗದ ಅವನ ಮೇಜಿನ ಮೇಲೆ ಅವನಿಗಾಗಿ ಕಾಯಿತು. ಹಬ್ಬದ ಮರುದಿನ ಕೋಲಿನ ಸದ್ದು ಬರಲಿಲ್ಲ. ಇಸ್ಮಾಯಿಲ್ ಸಾಹೇಬರು ತಾವೇ ಮೆಟ್ಟಿಲು ಹತ್ತಿ ಬಂದರು. ಅಷ್ಟು ವರ್ಷಗಳಲ್ಲಿ ಅವರು ನಮ್ಮ ಬಾಗಿಲವರೆಗೆ ಬಂದದ್ದು ಅದೇ ಮೊದಲು. ಹೊಸ್ತಿಲಲ್ಲಿ ಅವರನ್ನು ನೋಡಿದ ಅಮ್ಮ ಏನೂ ಕೇಳದೆ ಒಲೆ ಆರಿಸಿದಳು. ರಜೆಯ ಕಾಗದ ಬಂದದ್ದು ಊರಲ್ಲಿ ಅಜ್ಜಿಯ ಹದಿಮೂರರ ಕಾರ್ಯವೂ ಮುಗಿದ ಮೇಲೆ. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ಈಗ ಯಾರನ್ನು ನೋಡ್ಲಿಕ್ಕೆ?"

ಆ ವರ್ಷ ನಾವು ಹೋಗಲಿಲ್ಲ. ಸೂಟ್‌ಕೇಸ್ ಅಟ್ಟ ಹತ್ತಿತು. ಅದಾಗಿ ಕೆಲವು ದಿನಗಳ ನಂತರ ಊಟದ ಕೊನೆಗೆ ಅಪ್ಪ ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು:

"ಇವತ್ತು ನಂದು ಎಂತದೂ ತಪ್ಪಿಲ್ಲ."

ಅಪ್ಪ ಮಜ್ಜಿಗೆ ಕುಡಿದು ಎದ್ದರು. ಅಂದಿನಿಂದ ವಿಚಾರಣೆ ನಿಂತಿತು. ಪುಸ್ತಕ ಅದಿದ್ದಲ್ಲೇ ಇತ್ತು, ಅದನ್ನು ಯಾರೂ ಹರಿಯಲಿಲ್ಲ, ಸುಡಲಿಲ್ಲ; ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಕೆಲಸಗಳು ನಡೆಯುತ್ತಿರಲಿಲ್ಲ. ಅಮ್ಮ ಅಪ್ಪನಿಗೆ ಅನ್ನ ಬಡಿಸಿದಳು, ಅಂಗಿಗೆ ಗುಂಡಿ ಹೊಲಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಹಂಗಿಸುವುದನ್ನು ಮಾತ್ರ ಬಿಟ್ಟಳು. ಅವಳ ಹಂಗಿಸುವ ಮಾತೇ ಆ ಮನೆಯ ಪ್ರೀತಿಯಾಗಿತ್ತು ಎಂದು ನಮಗೆ ಗೊತ್ತಾದದ್ದು ಆಗ. ಸಹಿ ಹಾಕಿ ಅಪ್ಪ ಗೆಳೆಯನನ್ನು ಕಳೆದುಕೊಂಡಿದ್ದರು, ತಡವಾಗಿ ಹಾಕಿ ಹೆಂಡತಿಯನ್ನು. ಒಂದನ್ನಾದರೂ ಉಳಿಸಿಕೊಳ್ಳಲು ಬೇಕಾದ ಕೆಟ್ಟತನವಾಗಲಿ ಒಳ್ಳೆಯತನವಾಗಲಿ ಅವರಲ್ಲಿ ಪೂರ್ತಿ ಇರಲಿಲ್ಲ. ನನ್ನಲ್ಲೂ ಇಲ್ಲ. ಕ್ಲಿನಿಕ್ಕಿನಲ್ಲಿ ಯಾರಾದರೂ, "ಒಂದು ಸಾಕ್ಷಿ ಸಹಿ ಹಾಕಿ ಮೇಡಂ" ಎಂದರೆ ನಾನು ಶೌಚಾಲಯಕ್ಕೆ ಹೋಗಿ ಅವರು ಬೇರೆಯವರನ್ನು ಹಿಡಿಯುವವರೆಗೆ ಅಲ್ಲೇ ನಿಲ್ಲುತ್ತೇನೆ.

ಮುಂದಿನ ವರ್ಷದ ರಜೆಯಲ್ಲಿ ಅಪ್ಪ ಕುಂದಾಪುರಕ್ಕೆ ಹೊರಟರು. ಅಮ್ಮ ಬೇಡ ಅನ್ನಲಿಲ್ಲ, ಜೊತೆಗೂ ಬಂದಳು, ಆದರೆ ಜಯಂತ ಮಾಮನ ಗೇಟಿನ ಹೊರಗೆ ರಿಕ್ಷಾದಿಂದ ಇಳಿಯಲಿಲ್ಲ. ಅಪ್ಪನ ಜೊತೆ ನಾನು ಒಳಗೆ ಹೋದೆ. ಜಯಂತ ಮಾಮ ಅಂಗಳದಲ್ಲಿ ಯಾರದೋ ಫ್ರಿಜ್ಜು ಬಿಚ್ಚಿಕೊಂಡು ಕೂತಿದ್ದರು. ಅಪ್ಪನನ್ನು ಕಂಡು ಎದ್ದವರು ಕೈಯಲ್ಲಿದ್ದ ಸ್ಪ್ಯಾನರನ್ನೂ ಬಿಡದೆ ತಬ್ಬಿಕೊಂಡು ಅತ್ತುಬಿಟ್ಟರು. ಸುಳ್ಳು ಅಳುವಲ್ಲ. ಎಳೆದುಕೊಂಡು ಹೋಗಿ ಊಟಕ್ಕೆ ಕೂರಿಸಿದರು. ಅವರ ಮಕ್ಕಳು ಬಾಗಿಲ ಸಂದಿಯಿಂದ ನಮ್ಮನ್ನು ನೋಡಿ ನಕ್ಕು ಓಡಿಹೋದರು. ಅಪ್ಪ ತಟ್ಟೆಗೆ ಕೈ ಹಾಕುವ ಮೊದಲು ಕೇಳಿದರು.

"ಯಾಕೆ ಬರ್ಲಿಲ್ಲ ಜಯಂತ?"

"ಎಂತ ಹೇಳುವುದು ಸದಣ್ಣ. ಮದುವೆ ಮುಗಿಯಿತು, ಪೆಟ್ಟಿಗೆ ಕಟ್ಟಿದೆ. ಚಿಕ್ಕವ ಕಾಲು ಹಿಡ್ಕೊಂಡ. ಅವನಿಗೆ ನನ್ನ ಗುರ್ತ ಸಿಕ್ಕಿ ಎರಡು ವಾರ ಆಗಿತ್ತಷ್ಟೆ. ನಾಳೆ ಹೋಗುವ, ನಾಳೆ ಹೋಗುವ ಅಂತ ಆಯ್ತು."

"ಒಂದು ಮಾತು ಹೇಳ್ಬಹುದಿತ್ತು. ಬರುದಿಲ್ಲ ಅಂತ."

"ಹೇಳಿದ್ರೆ ನೀವು ಎಂತ ಹೇಳ್ತೀರಿ ಅಂತ ಗೊತ್ತಿತ್ತಲ್ಲ. ಬಾ ಅಂತೀರಿ, ನಾನು ಬರಬೇಕಾಗ್ತದೆ. ಮತ್ತೆ ಒಂದು ಧೈರ್ಯ ಇತ್ತು ನಂಗೆ. ಜಾಮೀನು ನಿಂತದ್ದು ಬೇರೆ ಯಾರಾದ್ರೂ ಆಗಿದ್ರೆ ನಾನು ಖಂಡಿತ ಬರ್ತಿದ್ದೆ. ನೀವಲ್ವಾ? ನೀವು ಹೇಗಾದ್ರೂ ತಡ್ಕೊಳ್ತೀರಿ."

ಅಪ್ಪ ತಲೆಯಾಡಿಸಿದರು. ಅಜ್ಜಿಯ ವಿಷಯ ಹೇಳುತ್ತಾರೆ ಎಂದು ನಾನು ಕಾದೆ. ಅವರು ಹೇಳಲಿಲ್ಲ. ಜಯಂತ ಮಾಮ ನನ್ನ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು ಬಂಗುಡೆಯ ಮುಳ್ಳು ಬಿಡಿಸತೊಡಗಿದರು. ಕೈ ಹಾಗೇ ಆಡುತ್ತಿರುವಾಗ ತಗ್ಗಿದ ದನಿಯಲ್ಲಿ ಕೇಳಿದರು.

"ನೀವು ಬರೆದು ಕೊಟ್ರಂತೆ ಅಲ್ವಾ ಸದಣ್ಣ? ಮೋಸ ಮಾಡಿ ಓಡಿಹೋದವ ಅಂತ? ಕ್ಯಾಂಪಿನವರು ಹೇಳಿದ್ರು."

"ಹೌದು."

"ನಂಗೆ ಬಹಳ ಬೇಜಾರಾಯ್ತು. ಸದಣ್ಣ ಹಾಗೆ ಮಾಡಿಯಾರು ಅಂತ ಕನಸಲ್ಲೂ ಎಣಿಸಿರ್ಲಿಲ್ಲ." ಮುಳ್ಳನ್ನು ತಟ್ಟೆಯ ಅಂಚಿಗೆ ಒತ್ತರಿಸಿದರು. "ಇರ್ಲಿ ಬಿಡಿ. ಆದದ್ದಾಯ್ತು. ನಾನು ಮನಸ್ಸಿನಲ್ಲಿ ಇಟ್ಕೊಂಡಿಲ್ಲ. ಊಟ ಮಾಡಿ."

ಅಪ್ಪ ಊಟ ಮಾಡಿದರು. ಎರಡನೇ ಸಲ ಅನ್ನ ಬಂದಾಗಲೂ ಬೇಡ ಅನ್ನಲಿಲ್ಲ. ಹೊರಡುವಾಗ ಜಯಂತ ಮಾಮನ ಹೆಂಡತಿ ಅಮ್ಮನಿಗೆಂದು ಬಾಳೆಎಲೆಯಲ್ಲಿ ಮೀನು ಕಟ್ಟಿಕೊಟ್ಟರು. ಗೇಟಿನ ಹೊರಗೆ ರಿಕ್ಷಾದವನು ಇಳಿದು ಬೀಡಿ ಸೇದುತ್ತಿದ್ದ. ಅಮ್ಮ ಬಿಸಿಲಿನಲ್ಲಿ ಬೆವತು ಕೂತಿದ್ದಳು. ಅಪ್ಪ ಒಳಗೆ ಕೂತು ಮೀನಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡರು. ಅದರ ಎಣ್ಣೆ ಅವರ ಇಸ್ತ್ರಿ ಪ್ಯಾಂಟಿಗೆ ಹತ್ತಿತು, ಅವರು ಸರಿಸಲಿಲ್ಲ.

"ಎಂತ ಹೇಳಿದ?" ಅಮ್ಮ ಕೇಳಿದಳು.

"ಕ್ಷಮಿಸಿದ್ದಾನಂತೆ."

"ಯಾರನ್ನು?"

"ಹೋಗುವ ಮಾರಾಯ," ಎಂದರು ಅಪ್ಪ ರಿಕ್ಷಾದವನಿಗೆ. ಅವನ ಬೀಡಿ ಇನ್ನೂ ಮುಗಿದಿರಲಿಲ್ಲ.